ಎರಡು ಚೌಕಗಳ ನಡುವಿನ ಬಾಣ

ಈ ಕತೆ ಹೇಳಲು ಇನ್ನೂ ಹೆಚ್ಚು ತಿಳಿದವರು ಬೇಕಿತ್ತು. ಅವರು ಯಾರೂ ಹೇಳಲಿಲ್ಲವೆಂದು ಹೇಳಹೊರಟದ್ದಕ್ಕೆ ಕ್ಷಮೆ ಇರಲಿ.

ಪುತ್ತೂರಿನ ಒಂದು ಅಡಿಕೆ ಖರೀದಿ ಸಂಸ್ಥೆಯಲ್ಲಿ ಮುಫೀದಾಳಿಗೆ ಹೊಸ ಕೆಲಸ ಬಂತು. ಇಡೀ ಸಂಸ್ಥೆಯನ್ನು ಒಂದು ನಕ್ಷೆಯಲ್ಲಿ ಮೂರು ಪದರವಾಗಿ ಬಿಡಿಸಬೇಕು: ಮೇಲೆ ಜನ ಮಾಡುವ ಕೆಲಸ, ನಡುವೆ ಸಾಫ್ಟ್‌ವೇರ್, ಕೆಳಗೆ ಯಂತ್ರಗಳು. ಪ್ರತಿಯೊಂದಕ್ಕೂ ಒಂದು ಚೌಕ. ಈ ಕೆಲಸವನ್ನು ಸಂಜೆ ಕ್ಲಾಸಿನಲ್ಲಿ ಕಲಿತವಳು, ತಪ್ಪಿದರೆ ಆ ಕ್ಲಾಸನ್ನೇ ಎತ್ತಿ ಆಡುತ್ತಾರೆಂದು ಒಂದೊಂದನ್ನೂ ನಾಲ್ಕು ಸಲ ನೋಡಿದಳು.

ಹೆಚ್ಚಿನದೆಲ್ಲ ಚೌಕಗಳಲ್ಲಿ ಕೂತಿತು, ಕಚೇರಿಯ ಸಂಕಪ್ಪಣ್ಣ ಏನು ಮಾಡಿದರೂ ಕೂರಲಿಲ್ಲ. ಅರಂತೋಡು, ಅಜ್ಜಾವರ ಶಾಖೆಗಳ ಸಾಫ್ಟ್‌ವೇರ್ ಅಡಿಕೆಯ ಜಾತಿಯನ್ನು ಹೆಸರಿನಲ್ಲಿ ಬರೆಯುತ್ತಿತ್ತು. ಗೋದಾಮಿನದ್ದಕ್ಕೆ ಬರೀ ಸಂಖ್ಯೆ ಗೊತ್ತು. ಹನ್ನೊಂದು ವರ್ಷದಿಂದ ಸಂಕಪ್ಪಣ್ಣ ಒಂದರಲ್ಲಿ ಓದಿ ಇನ್ನೊಂದರಲ್ಲಿ ಟೈಪು ಮಾಡುತ್ತಿದ್ದರು. ಸಂಶಯ ಬಂದರೆ ಶಾಖೆಗೆ ಫೋನು, ಅರೆಭಾಷೆಯಲ್ಲೋ ಬ್ಯಾರಿಯಲ್ಲೋ. ಸಿಬ್ಬಂದಿ ಪಟ್ಟಿಯಲ್ಲಿ ಅವರು ಬರೀ ಅಟೆಂಡರ್. ಹೆಸರಿಲ್ಲದ ಈ ಕೆಲಸಕ್ಕೆ ಯಾವ ಚೌಕ ಕೊಡುವುದೆಂದು ತಿಳಿಯದೆ ಮುಫೀದಾ ಎರಡು ಸಾಫ್ಟ್‌ವೇರ್‌ಗಳ ನಡುವೆ ಒಂದು ಬಾಣ ಎಳೆದಳು.

ಚಾ ತಂದ ಸಂಕಪ್ಪಣ್ಣ ಬಗ್ಗಿ ನೋಡಿದರು. "ಇದರಲ್ಲಿ ನಾನೆಲ್ಲಿ ಮಾರಾಯ್ತಿ?"

ಅವಳು ಬಾಣ ತೋರಿಸಿದಳು.

"ಒಳ್ಳೇದಾಯ್ತು. ಬಾಣಕ್ಕೆ ಬೆನ್ನುನೋವು ಬರುದಿಲ್ಲ."

ನಕ್ಷೆ ಸಭೆಯಲ್ಲಿ ಒಪ್ಪಿಗೆಯಾಯಿತು. ವಿಭಾಗದ ಮುಖ್ಯಸ್ಥ ಝಾಕಿರ್ ಅವಳನ್ನು ಕರೆದು ಹೊಗಳಿದ. ಎರಡೂ ಸಾಫ್ಟ್‌ವೇರ್ ತಾವಾಗಿಯೇ ಜೋಡಣೆಯಾಗಿವೆಯೆಂದು ಆ ಬಾಣ ನೋಡಿ ಅವನಿಗೆ ಈಗಷ್ಟೇ ತಿಳಿಯಿತಂತೆ. ಮೇಲಿನ ಪದರದಲ್ಲಿ ಚೌಕವಿಲ್ಲದ ನಾಲ್ವರನ್ನು ತಿಂಗಳ ಕೊನೆಗೆ ಕೆಲಸದಿಂದ ಬಿಡುವುದಂತೆ. ಮೊದಲ ಹೆಸರೇ ಸಂಕಪ್ಪ.

"ಸರ್, ಆ ಬಾಣವೇ ಸಂಕಪ್ಪಣ್ಣ. ತಪ್ಪು ನನ್ನದು, ತಿದ್ದುತ್ತೇನೆ."

"ಒಪ್ಪಿಗೆ ಆದದ್ದನ್ನು ತಿದ್ದಲಿಕ್ಕೆ ಪುನಃ ಸಭೆ ಬೇಕು. ಮುಂದಿನ ವರ್ಷ ನೋಡುವ."

ಅವಳು ತಪ್ಪೊಪ್ಪಿ ಪತ್ರ ಕೊಟ್ಟಳು. ಉತ್ತರವಿಲ್ಲ. ಕೊನೆಯ ದಿನ ಸಂಕಪ್ಪಣ್ಣ ತಮ್ಮ ಫೋನ್ ನಂಬರಿನ ಪುಸ್ತಕವನ್ನು ಅವಳ ಮೇಜಿನಲ್ಲಿಟ್ಟು, ಅಜ್ಜಾವರ ಶಾಖೆಯ ಕುಕ್ಕಪ್ಪ ಮಧ್ಯಾಹ್ನ ಫೋನ್ ತೆಗೆಯುವುದಿಲ್ಲ ಎಂದಷ್ಟೇ ಹೇಳಿ ಬಸ್ಸಿಗೆ ಹೋದರು.

ಈಗ ದಿನಾ ಒಂದು ಗಂಟೆ ಮೊದಲೇ ಬಂದು ಆ ಟೈಪು ಮಾಡುವವಳು ಮುಫೀದಾ. ಒಂದು ದಿನ ನಿಲ್ಲಿಸಿದರೆ ಸಾಕು, ನಕ್ಷೆ ಸುಳ್ಳೆಂದು ಎಲ್ಲರಿಗೂ ಕಾಣುತ್ತದೆ. ಆದರೆ ಅಂದು ಅರಂತೋಡಿನಿಂದ ಅಡಿಕೆ ತಂದ ಜೀಪುಗಳು ಗೋದಾಮಿನ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಅದು ಅವಳಿಂದಾಗದು. ಹಾಗಾಗಿ ಬಾಣ ಸರಿಯಾಗಿಯೇ ಉಂಟು ಎನ್ನುತ್ತಾನೆ ಝಾಕಿರ್.

ಸಂಕಪ್ಪಣ್ಣ ಆ ಪುಸ್ತಕ ಕೊಟ್ಟದ್ದು ಕ್ಷಮಿಸಿಯೋ ಸಿಟ್ಟಿನಿಂದಲೋ, ಅವಳಿಗೆ ಗೊತ್ತಿಲ್ಲ. ಈ ಕತೆ ಹೇಳುತ್ತಿರುವವರಿಗೂ ಗೊತ್ತಿಲ್ಲ.