ಕೊನೆಯ ಪುಟ ಮುಟ್ಟಕೂಡದು

ಊಟದ ನಂತರದ ಪೀರಿಯಡ್ಡನ್ನು ಹೊಸ ಟೀಚರ್ ಸುಮ್ಮನೆ ಓದಿಕೊಳ್ಳಲು ಬಿಟ್ಟಾಗ ಏಳನೇ ತರಗತಿಗೆ ಖುಷಿಗಿಂತ ಮೊದಲು ಬಂದದ್ದು ಅನುಮಾನ. ಕಪಾಟಿಗೆ ಬೀಗವಿಲ್ಲ. ಯಾವ ಪುಸ್ತಕ ಬೇಕಾದರೂ ತಗೊಳ್ಳಬಹುದಂತೆ, ಹಿಡಿಸದಿದ್ದರೆ ಅರ್ಧಕ್ಕೇ ಬಿಡಬಹುದಂತೆ, ಯಾರೂ ಏನೂ ಕೇಳುವುದಿಲ್ಲವಂತೆ.

"ಬೆಳ್ಳಗಿರೋದೆಲ್ಲ ಹಾಲಲ್ಲ," ಎಂದ ವಕೀಲ. ಎಲ್ಲದಕ್ಕೂ ವಾದ ಹೂಡುವ ಆ ಹುಡುಗನಿಗೆ ತರಗತಿ ಇಟ್ಟ ಹೆಸರು ಅದು. "ಹಿಂದಿನ ಮೇಷ್ಟ್ರೂ ಹೀಗೇ ನಯವಾಗಿ ಶುರು ಮಾಡಿದ್ರು. ಪುಸ್ತಕ ಮುಗಿಸಿದವರ ಗತಿ ಏನಾಯ್ತು?"

ಗತಿ ಎಲ್ಲರಿಗೂ ಗೊತ್ತಿತ್ತು. ಮುಗಿಸಿದವರನ್ನು ಮೇಷ್ಟ್ರು ಕರಿಹಲಗೆಯ ಮುಂದೆ ನಿಲ್ಲಿಸಿ ಸಾರಾಂಶ ಹೇಳಿಸುತ್ತಿದ್ದರು. ಕಿಟಕಿ ಪಕ್ಕದ ಬೆಂಚಿನ ಹುಡುಗಿಗೆ ಅಲ್ಲಿ ನಿಂತಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕಥೆಯೆಲ್ಲ ತಲೆಯಲ್ಲಿತ್ತು, ಬಾಯಿಗೆ ಬರಲಿಲ್ಲ. "ಓದೇ ಇಲ್ಲ, ಸುಳ್ಳಿ," ಎಂದು ಮೇಷ್ಟ್ರು ಕೂರಿಸಿದ್ದರು.

ಹಾಗಾಗಿ ತರಗತಿ ಒಳಗೊಳಗೇ ಒಂದು ಕಟ್ಟುಪಾಡು ಮಾಡಿಕೊಂಡಿತು: ಯಾರೂ ಪುಸ್ತಕ ಮುಗಿಸಕೂಡದು. ಕೊನೆ ಹತ್ತಿರ ಬಂತೋ, "ಯಾಕೋ ಬೋರು, ಟೀಚರ್," ಎಂದು ಕಪಾಟಿಗಿಟ್ಟು ಇನ್ನೊಂದು ತೆಗೆಯಬೇಕು. ಮುಗಿಸದವರನ್ನು ಕೇಳುವುದಾದರೂ ಏನನ್ನು?

ಟೀಚರ್ ಏನನ್ನೂ ಕೇಳಲಿಲ್ಲ. ಅದೇ ಗುಮಾನಿಗೆ ಇನ್ನಷ್ಟು ತುಪ್ಪ ಸುರಿಯಿತು. ತಾವೂ ಒಂದು ಪುಸ್ತಕ ಹಿಡಿದು ಕೂರುವರು, ನಡುವೆ ತಮ್ಮಷ್ಟಕ್ಕೆ ನಗುವರು.

"ನಾಟಕ," ಎಂದ ವಕೀಲ. "ಪುಸ್ತಕದ ಮರೆಯಿಂದ ಒಂದು ಕಣ್ಣು ನಮ್ಮ ಮೇಲೇ."

ಹುಡುಗಿಗೆ ಸಿಕ್ಕಿದ್ದು ದೋಣಿಯಿಂದ ನೀರಿಗೆ ಬಿದ್ದ ನಾಯಿಯ ಕಥೆ. ದಡದಲ್ಲಿ ಅಕ್ಕ, ತಮ್ಮ ಕಾಯುತ್ತಿದ್ದರು. ಕೊನೆ ಹತ್ತಿರ ಬಂತೆಂದು ಅಲ್ಲಿಗೇ ನಿಲ್ಲಿಸಿ ಪುಸ್ತಕ ಕಪಾಟಿಗಿಟ್ಟಿದ್ದಳು. ಮನೆಯಲ್ಲಿ ತಟ್ಟೆ ಮುಂದೆ ಕೂತರೂ ನಾಯಿ ತಲೆಯೊಳಗೆ ಈಜುತ್ತಲೇ ಇತ್ತು. "ಏನೇ, ಗರ ಬಡಿದವಳ ಹಾಗೆ ಕೂತಿದ್ದೀಯ?" ಎಂದರು ಅಮ್ಮ. ಮುಗಿಸಿದರೆ ಕರಿಹಲಗೆ, ಮುಗಿಸದಿದ್ದರೆ ಈ ಸಂಕಟ.

ಮರುದಿನ ತಡೆಯಲಾಗಲಿಲ್ಲ. ಓದುವ ಪೀರಿಯಡ್ಡಿನಲ್ಲೇ, ಓದುತ್ತಿರುವುದು ಕಾಣದಿರಲೆಂದು, ಆ ಪುಸ್ತಕವನ್ನು ದೊಡ್ಡದೊಂದು ಕಥೆಪುಸ್ತಕದೊಳಗೆ ಅಡಗಿಸಿಟ್ಟು ಓದಿದಳು. ಕೊನೆಯ ಪುಟಕ್ಕೆ ಬಂದಾಗ ಗಂಟಲಿಂದ ಸಣ್ಣ ಬಿಕ್ಕು ಜಾರಿತು. ತರಗತಿಯೆಲ್ಲ ತಿರುಗಿತು. ಟೀಚರ್ ಎದ್ದು ಅವಳತ್ತಲೇ ಬಂದರು.

"ಮುಗೀತಾ?"

"ಇಲ್ಲ, ಟೀಚರ್."

ಟೀಚರ್ ಒಳಗಿನ ಪುಸ್ತಕವನ್ನು ಕಂಡರು, ಅವಳ ಕೆಂಪಾದ ಮೂಗನ್ನೂ ಕಂಡರು. ಬಗ್ಗಿ, ಅವಳಿಗಷ್ಟೇ ಕೇಳುವಂತೆ ಹೇಳಿದರು: "ಮುಗಿದಿದ್ರೆ ನಂಗೆ ಕೊಡಮ್ಮ, ನಾನು ಇದನ್ನ ಓದಿಲ್ಲ. ಆದ್ರೆ ಕೊನೇಲಿ ಏನಾಗುತ್ತೆ ಅಂತ ಮಾತ್ರ ಹೇಳ್ಬೇಡ, ನಿನ್ನ ದಮ್ಮಯ್ಯ."

ಹುಡುಗಿ ಮೆಲ್ಲಗೆ ಚಾಚಿದ ಪುಸ್ತಕ ತಗೊಂಡು ಹೋಗಿ ಕೂತರು, ಮೊದಲ ಪುಟ ತೆರೆದರು. ಹುಡುಗಿ ಬೆಲ್ಲಾಗುವವರೆಗೂ ಅವರನ್ನೇ ನೋಡುತ್ತಿದ್ದಳು. ಈಗ ಕರೆಯುತ್ತಾರೆ, ಇನ್ನೇನು ಕರೆಯುತ್ತಾರೆ. ಕರೆಯಲಿಲ್ಲ. ಪುಟ ಮಗುಚಿದರು.

ಬ್ಯಾಗು ತುಂಬಿಕೊಳ್ಳುವಾಗ ವಕೀಲ ಪಕ್ಕಕ್ಕೆ ಬಂದ. ಕಟ್ಟುಪಾಡು ಮುರಿದದ್ದಕ್ಕೆ ಇನ್ನು ಇವನ ವಿಚಾರಣೆ ಎಂದು ಹುಡುಗಿ ಹುಬ್ಬು ಗಂಟಿಕ್ಕಿದಳು.

ಅವನು ಬಾಗಿಲ ಕಡೆ ನೋಡುತ್ತ, "ಟೀಚರ್ ಓದಿ ವಾಪಸ್ ಕೊಟ್ರೆ ಕಪಾಟಿಗಿಡ್ಬೇಡ," ಎಂದ. "ನಾನೂ ಆ ನಾಯಿ ಬಿದ್ದಲ್ಲೇ ನಿಂತಿದ್ದೀನಿ."