ಪರದೇಶದ ಪ್ರದರ್ಶನಕ್ಕೆ ಮಾತ್ರ

ಓರಿನ್ ಹಾಲ್ವರ್ಸನ್ ಅವರು ಯಾವ ಕೋಣೆಯನ್ನು ದಾಟಬೇಕಾದರೂ ನಡುಮಧ್ಯಕ್ಕೆ ಬಂದೊಡನೆ ತಲೆ ತಗ್ಗಿಸಿ, ಬೆನ್ನು ಬಾಗಿಸಿ, ನಾಲ್ಕು ಹೆಜ್ಜೆ ಬಿರಬಿರನೆ ಹಾಕಿ, ಆಚೆಯ ಗೋಡೆ ಸೇರಿದ ಮೇಲೆ ಮತ್ತೆ ನೆಟ್ಟಗಾಗುತ್ತಿದ್ದರು. ಆರಡಿ ಮೀರಿದ ಆಳು. ಮಿನೆಸೋಟಾದ ಗೋಧಿ ಹೊಲಗಳ ಕಡೆಯವರು. ಟರ್ಕಿಯ ಅಂಕಾರಾದ ಶಾಲೆಗಳಲ್ಲಿ, ರಂಗೂನಿನ ಸಭಾಂಗಣಗಳಲ್ಲಿ, ಲೇಗೋಸಿನ ಬಯಲುಗಳಲ್ಲಿ ಬಿಳಿ ಬಟ್ಟೆ ಕಟ್ಟಿ ಚಿತ್ರ ತೋರಿಸುತ್ತ ಅರ್ಧ ಆಯುಷ್ಯ ಕಳೆದವರಿಗೆ ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬರಬಾರದೆಂಬ ಎಚ್ಚರ ಮೈಗೆ ಹತ್ತಿಬಿಟ್ಟಿತ್ತು. ವಾಷಿಂಗ್ಟನ್ನಿನ ನಮ್ಮ ಕಚೇರಿಯ ಊಟದ ಕೋಣೆಯಲ್ಲಿ ಪ್ರೊಜೆಕ್ಟರೂ ಇಲ್ಲ, ಪರದೆಯೂ ಇಲ್ಲ. ಆದರೂ ಕಾಫಿ ಲೋಟ ಹಿಡಿದುಕೊಂಡು ಬಾಗಿಯೇ ದಾಟುತ್ತಿದ್ದರು. ಹೊಸಬರು ನಗುತ್ತಿದ್ದರು. ನಾವು ಹಳಬರು ನಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ನಮ್ಮದು ಸರ್ಕಾರದ ಮಾಹಿತಿ ಸಂಸ್ಥೆ. ಅಮೆರಿಕ ಎಂದರೆ ಏನು, ಇಲ್ಲಿನ ಜನ ಹೇಗೆ ಉಣ್ಣುತ್ತಾರೆ, ಹೇಗೆ ಮತ ಹಾಕುತ್ತಾರೆ ಎಂಬುದನ್ನು ಅಮೆರಿಕದವರಲ್ಲದವರಿಗೆ ತಿಳಿಹೇಳುವುದು ಕಸುಬು. ಮಹಾಯುದ್ಧ ಮುಗಿದ ಹೊಸದರಲ್ಲಿ ಒಂದು ಕಾನೂನು ಬಂದಿತ್ತು: ಹೊರಗಿನವರಿಗಾಗಿ ಮಾಡಿದ್ದನ್ನು ಒಳಗಿನವರಿಗೆ ತೋರಿಸಕೂಡದು. ಸರ್ಕಾರ ತನ್ನ ಪ್ರಜೆಗಳ ಕಿವಿಗೇ ಪ್ರಚಾರ ಊದೀತು ಎಂಬ ಭಯ. ಆ ಭಯ ನ್ಯಾಯವಾದದ್ದೇ, ನಾನು ಅಲ್ಲಗಳೆಯುವುದಿಲ್ಲ. ಹಾಗಾಗಿ ನಾವು ಮಾಡಿದ ಪ್ರತಿ ಚಿತ್ರದ ಡಬ್ಬಿಯ ಮೇಲೂ ‘ಪರದೇಶದ ಪ್ರದರ್ಶನಕ್ಕೆ ಮಾತ್ರ’ ಎಂದು ಕೆಂಪಕ್ಷರದಲ್ಲಿ ಅಚ್ಚಾಗುತ್ತಿತ್ತು. ನಾನು ಇಪ್ಪತ್ತು ವರ್ಷ ಧ್ವನಿ ಜೋಡಿಸಿದೆ. ನನ್ನ ಹೆಂಡತಿ ಅದರಲ್ಲಿ ಒಂದನ್ನೂ ಕೇಳಲಿಲ್ಲ. ಸಂಬಳ ಬರುತ್ತದೆಂಬುದೊಂದೇ ನನಗೆ ಕೆಲಸವಿದೆಯೆಂಬುದಕ್ಕೆ ಅವಳ ಪಾಲಿಗೆ ಸಾಕ್ಷಿ.

ಓರಿನ್ ಅವರ ಕಂದು ಕೋಟು ಅಂಕಾರಾದಲ್ಲಿ ಹೊಲಿಸಿದ್ದು. ಮೊಣಕೈ ಎರಡು ಸಲ ತೇಪೆ ಕಂಡಿತ್ತು, ಜೇಬುಗಳು ಜೋತುಬಿದ್ದಿದ್ದವು. ಮಾತಿನಲ್ಲಿ ಒಂದೊಂದು ವಾಕ್ಯಕ್ಕೂ ನಿಂತು, ದುಭಾಷಿಗೆ ಎಡೆ ಕೊಡುವಂತೆ ಸುಮ್ಮನಿದ್ದು, ಆಮೇಲೆ ಮುಂದಿನದು. ಅಂಗಡಿಯಲ್ಲಿ “ನನಗೊಂದು ಸ್ಯಾಂಡ್‌ವಿಚ್ ಕೊಡಿ” ಎಂದು ಅವರು ನಿಂತರೆ, ಸಾಸಿವೆ ಬೇಕೋ ಬೇಡವೋ ಎಂಬುದು ತಿಳಿಯುವಷ್ಟರಲ್ಲಿ ಹಿಂದಿನ ಸಾಲಿನವರು ಗೊಣಗತೊಡಗುತ್ತಿದ್ದರು.

ಇಷ್ಟು ಮೆದುವಾದ ಮನುಷ್ಯ ಆ ಕಾನೂನಿನ ವಿಷಯದಲ್ಲಿ ಮಾತ್ರ ಕಲ್ಲು. ಉಳಿದವರು ಕಂಡೂ ಕಾಣದಂತಿರುತ್ತಿದ್ದರು. ಪಕ್ಕದ ಮೇಜಿನ ಬರ್ನಿ ಕಾಸ್ನರ್ ಒಮ್ಮೆ ಮಗಳ ಹುಟ್ಟುಹಬ್ಬಕ್ಕೆಂದು ಕುದುರೆ ಸಾಕಣೆಯ ಚಿತ್ರವೊಂದನ್ನು ಮಳೆಕೋಟಿನೊಳಗೆ ಇಟ್ಟುಕೊಂಡು ಮನೆಗೆ ಒಯ್ದ. ಓರಿನ್‌ಗೆ ತಿಳಿಯಿತು.

“ಮಕ್ಕಳು ಕುದುರೆ ನೋಡಿದ್ರೆ ಆಕಾಶ ಬಿದ್ದುಹೋಗುತ್ತೇನಯ್ಯಾ?” ಎಂದ ಬರ್ನಿ.

“ಇವತ್ತು ಕುದುರೆ,” ಓರಿನ್ ಎಂದಿನಂತೆ ನಿಂತರು. “ನಾಳೆ ಚುನಾವಣೆಯ ಚಿತ್ರವೂ ಮನೆಗೆ ಬರುತ್ತೆ.”

“ನೀನು ನಿಮ್ಮಪ್ಪನ ಮೇಲೂ ದೂರು ಕೊಡೋ ಆಸಾಮಿ ಕಣೋ.”

ದೂರು ಕೊಡಲಿಲ್ಲ. ಅದಕ್ಕಿಂತ ಪಕ್ಕಾ ಕೆಲಸ ಮಾಡಿದರು. ಮನೆಗೆ ಒಯ್ಯುವ ಆಸೆ ಹುಟ್ಟುವುದೇ ಇಂಗ್ಲಿಷ್ ಪ್ರತಿಗಳಿಂದ ತಾನೆ? ತಮ್ಮ ಕೈಕೆಳಗಿನ ಚಿತ್ರಗಳ ಇಂಗ್ಲಿಷ್ ಪ್ರತಿಗಳಲ್ಲಿ ಒಂದೂ ವಾಷಿಂಗ್ಟನ್ನಿನಲ್ಲಿ ಉಳಿಯಬಾರದು, ಎಲ್ಲವೂ ಹಡಗು ಹತ್ತಲಿ, ಮೂಲ ಧ್ವನಿಸುರುಳಿಗಳನ್ನು ಅಳಿಸಿಬಿಡಿ ಎಂದು ಸಹಿ ಹಾಕಿದರು. ಆ ಸುರುಳಿಗಳನ್ನು ಅಳಿಸಿದವನು ನಾನೇ. ಮೇಲಿನವರು ಹೇಳಿದರು, ಮಾಡಿದೆ.

ಹಾಗೆ ಅಳಿಸಿದವುಗಳಲ್ಲಿ ಒಂದು ಓರಿನ್ ಅವರ ಅಕ್ಕ ಥೈರಾ ಅವರ ಶಾಲೆಯ ಚಿತ್ರ. ತಾಯಿ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಸಾಕಿದವರು ಆಕೆಯೇ. ಮದುವೆಯಾಗದೆ, ಊರ ಹೊರಗಿನ ಒಂದೇ ಕೋಣೆಯ ಶಾಲೆಯಲ್ಲಿ ಎಲ್ಲ ತರಗತಿಯ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಕಲಿಸುತ್ತಿದ್ದರು. ಅರವತ್ತೊಂದನೆಯ ಇಸವಿಯಲ್ಲಿ ಆ ಶಾಲೆ ಮುಚ್ಚುವುದೆಂದಾಗ ಓರಿನ್ ಅದರ ಕೊನೆಯ ವಾರವನ್ನು ಚಿತ್ರೀಕರಿಸಿದರು; ಧ್ವನಿಗೆ ನಾನು ಹೋಗಿದ್ದೆ. ಥೈರಾ ಮೊದಲ ದಿನ ಕ್ಯಾಮೆರಾಗೆ ಹೆದರಿದರು, ಎರಡನೆಯ ದಿನ ಅದಕ್ಕೇ ಗದರಿದರು, ಮೂರನೆಯ ದಿನ ಮರೆತೇಬಿಟ್ಟರು. ಆ ಚಿತ್ರ ಹಲವು ಭಾಷೆಗಳಲ್ಲಿ ಊರೂರು ಸುತ್ತಿತು. ಶಾಲೆಯ ಕಟ್ಟಡವನ್ನು ಯಾರೋ ಕೊಂಡು ಕೆಡವಿದರು. ಅಂದಿನಿಂದ ಆಕೆಯದು ಒಂದೇ ಬೇಡಿಕೆ: ಸಾಯುವುದರೊಳಗೆ ನನ್ನ ಶಾಲೆಯನ್ನು ನನಗೊಮ್ಮೆ ತೋರಿಸು.

ಕ್ರಿಸ್‌ಮಸ್ಸಿಗೆ ಊರಿಗೆ ಹೋದಾಗಲೆಲ್ಲ ಆಲೂಗಡ್ಡೆಯ ಲೆಫ್ಸೆ ರೊಟ್ಟಿಯ ಜೊತೆಗೆ ಓರಿನ್‌ಗೆ ಇದೂ ಬಡಿಸಲ್ಪಡುತ್ತಿತ್ತು. ಒಂದು ವರ್ಷ ನಾನೂ ಆ ಮೇಜಿನಲ್ಲಿದ್ದೆ. “ನಮ್ಮ ಮೂತಿ ಟರ್ಕಿಯವರಿಗೆಲ್ಲ ಪರಿಚಯ. ನಮಗೇ ಇಲ್ಲ ನೋಡು,” ಎಂದು ನೆರೆಮನೆಯ ಮುದುಕ ಕೆಣಕಿದ. “ಚಿತ್ರ ಗಿತ್ರ ಏನೂ ಮಾಡಿಲ್ಲ ಕಣೇ ಥೈರಾ, ಬರೀ ಖಾಲಿ ಕ್ಯಾಮೆರಾ ತಿರುಗಿಸ್ಕೊಂಡು ಹೋದ್ರು.”

ಥೈರಾ ನನ್ನ ಕಡೆ ತಿರುಗಿದರು. “ನೀನಾದ್ರೂ ಹೇಳಪ್ಪಾ. ಒಂದು ಸಾಯಂಕಾಲ ತಂದು ತೋರಿಸಿದ್ರೆ ಇವನನ್ನ ಜೈಲಿಗೆ ಹಾಕ್ತಾರಾ?”

ಹಾಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಓರಿನ್‌ಗೂ ಗೊತ್ತಿತ್ತು. “ಕಾನೂನು ಬದಲಾಗುತ್ತೆ ಥೈರಾ,” ಎಂದರು. “ಸ್ವಲ್ಪ ತಾಳು.” ಆಕೆ ರೊಟ್ಟಿಗೆ ಬೆಣ್ಣೆ ಸವರುತ್ತ ಕೂತರು. ಆ ಹೊತ್ತು ನನಗೆ ಓರಿನ್ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಮರುದಿನ ರೈಲಿನಲ್ಲಿ ವಾಷಿಂಗ್ಟನ್ ಬರುವವರೆಗೂ ಮಾತನಾಡಿಸಲಿಲ್ಲ.

ಕಾನೂನು ಸಡಿಲವಾಗುವುದಕ್ಕೆ ತೊಂಬತ್ತನೆಯ ಇಸವಿ ಬರಬೇಕಾಯಿತು. ಹಳೆಯ ಚಿತ್ರಗಳನ್ನು ಇನ್ನು ಮುಂದೆ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಯಾರು ಬೇಕಾದರೂ ನೋಡಬಹುದು ಎಂದಾಯಿತು. ಓರಿನ್ ಆಗ ನಿವೃತ್ತಿಯ ಅಂಚಿನಲ್ಲಿದ್ದರು. ಥೈರಾ ಎಪ್ಪತ್ತೈದು ದಾಟಿದ್ದರು. ಕಣ್ಣಿನ ನಡುಭಾಗವೆಲ್ಲ ಮಬ್ಬಾಗಿ, ಎದುರಿಗೆ ನಿಂತವರ ಮುಖ ಕಾಣದಂತಾಗಿತ್ತು. ಓರಿನ್ ಹಿಂಜರಿದಾಗ ಆಕೆ ಫೋನಿನಲ್ಲೇ ಗದರಿದರಂತೆ: “ಕಣ್ಣು ಹೋದ್ರೆ ಏನಾಯ್ತು, ಕಿವಿ ನೆಟ್ಟಗಿದೆ. ಮಕ್ಕಳ ದನಿ ಕೇಳ್ಬೇಕು ನಾನು. ಟಿಕೆಟ್ ತೆಗಿ.”

ನಾನೇ ಕಾರಿನಲ್ಲಿ ಇಬ್ಬರನ್ನೂ ಭಂಡಾರಕ್ಕೆ ಕರೆದೊಯ್ದೆ. ಥೈರಾ ನೀಲಿ ಉಡುಪು ಇಸ್ತ್ರಿ ಮಾಡಿಸಿ ಧರಿಸಿದ್ದರು. ಚಿತ್ರ ನೋಡುವ ಕೋಣೆಯ ಹುಡುಗಿ ಡಬ್ಬಿ ತಂದು, ಈ ಚಿತ್ರದ್ದು ಉಳಿದಿರುವುದು ಇದೊಂದೇ ಪ್ರತಿ ಎಂದಳು. ಹಡಗು ಹತ್ತಿದ ಇಂಗ್ಲಿಷ್ ಪ್ರತಿಗಳು ಊರೂರು ತಿರುಗಿ ಹರಿದು ಚಿಂದಿಯಾಗಿದ್ದವು. ಉಳಿದದ್ದು ಟರ್ಕಿ ಭಾಷೆಯದು.

ಓರಿನ್ ಮುಖ ನೋಡಲಾಗಲಿಲ್ಲ. “ನಿಲ್ಲಿಸು ಅನ್ನಲಾ?” ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದರು. ಅಷ್ಟರಲ್ಲಿ ಚಿತ್ರ ಶುರುವಾಗಿತ್ತು.

ಪರದೆಯ ಮೇಲೆ ಒಲೆ, ಕಿಟಕಿ, ಕರಿಹಲಗೆಯ ಮುಂದೆ ಇನ್ನೂ ಕೂದಲು ಕಪ್ಪಗಿದ್ದ ಥೈರಾ. ಬಾಯಿ ಆಡಿತು, ಬಂದದ್ದು ಅಂಕಾರಾದ ಯಾವಳೋ ನಟಿಯ ಇಂಪಾದ ಕಂಠ. ಮುದುಕಿ ಕತ್ತು ಮುಂದೆ ಚಾಚಿ ಕೇಳಿದರು. ಮಕ್ಕಳು ಮಾತಾಡಿದರು, ಅದೂ ಬೇರೆ ಮಕ್ಕಳ ದನಿ. ಕೊನೆಗೆ ಮಕ್ಕಳು ಒಬ್ಬೊಬ್ಬರಾಗಿ ಎದ್ದು ತಮ್ಮ ಹೆಸರು ಹೇಳುವ ಕಡೆ ಮಾತ್ರ ಥೈರಾ ತಟ್ಟನೆ ತಮ್ಮನ ಕೈ ಹಿಡಿದುಕೊಂಡರು. ಡ್ವೇನ್. ಕ್ಲಾರಿಸ್. ಲೈಲ್. ಆ ಹೆಸರುಗಳು ಟರ್ಕಿಯ ನಾಲಿಗೆಯಲ್ಲಿ ಸ್ವಲ್ಪ ಒರಟಾಗಿದ್ದವು, ಅಷ್ಟೆ.

ದೀಪ ಹತ್ತಿತು. ಎಲ್ಲವನ್ನೂ ಮಾಡಿದ್ದು ತಾನೇ ಎಂದು ಓರಿನ್ ಹೇಳಿದರು: ಆದೇಶ, ಸಹಿ, ಅಳಿಸಿದ ಸುರುಳಿ. ಥೈರಾ ಕೇಳಿಸಿಕೊಂಡರು. ಬಯ್ಯುತ್ತಾರೆಂದುಕೊಂಡೆ, ಬಯ್ದಿದ್ದರೆ ಚೆನ್ನಾಗಿತ್ತು.

“ಅದು ಇರಲಿ,” ಎಂದರು. “ನೋಡಿದ ಆ ಜನಕ್ಕೆ ಅರ್ಥ ಆಯ್ತೇನೋ?”

“ಚೆನ್ನಾಗಿದೆ ಅಂತಿದ್ರು.”

“ಅದಲ್ಲ ನಾನು ಕೇಳಿದ್ದು.”

ಓರಿನ್ ಖಾಲಿ ಪರದೆಯ ಕಡೆ ತಿರುಗಿದರು. “ಗೊತ್ತಿಲ್ಲ ಥೈರಾ. ನಾವು ಹಾಲಿನ ಪುಡಿ ಕೊಡ್ತಿದ್ವಿ, ಪುಸ್ತಕ ಕೊಡ್ತಿದ್ವಿ. ಅರ್ಥ ಆಗಲಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಯಾರು ಹೇಳ್ತಾರೆ? ನಿಜವಾಗಿ ಗೊತ್ತಿಲ್ಲ.”

ಥೈರಾ ಎರಡು ವರ್ಷದ ನಂತರ ತೀರಿಕೊಂಡರು, ಅಕ್ಕನ ಹಿಂದೆಯೇ ಓರಿನ್ ಕೂಡ. ಆ ಸಂಸ್ಥೆಯೂ ಈಗಿಲ್ಲ. ಇನ್ನೊಂದು ಇಲಾಖೆಯೊಳಗೆ ಕರಗಿತು. ದೇಶವೆಂಬುದು ತನ್ನನ್ನು ಹೊರಗಿನವರಿಗೆ ಪರಿಚಯಿಸಿಕೊಳ್ಳಲು ಆರಿಸಿ ಕಳಿಸುವ ಈ ಸಜ್ಜನರನ್ನು ನಾನು ಹತ್ತಿರದಿಂದ ಕಂಡವನು. ಅವರು ಸುಳ್ಳರಲ್ಲ, ಸುಳ್ಳರಾಗಿದ್ದರೆ ಸುಖವಾಗಿರುತ್ತಿದ್ದರು. ತಮ್ಮ ಮನೆಯಲ್ಲಿ ಅತ್ಯಂತ ಒಳ್ಳೆಯದು ಯಾವುದಿತ್ತೋ ಅದನ್ನೇ ನಿಷ್ಠೆಯಿಂದ ಎತ್ತಿಕೊಂಡು ಹೋಗಿ ಪರರ ಮುಂದೆ ಇಟ್ಟರು. ಅದು ಅಲ್ಲಿ ಯಾರಿಗಾದರೂ ಮುಟ್ಟಿತೋ ಇಲ್ಲವೋ ಎಂದು ಇವರಿಗೆ ತಿಳಿಯಲಿಲ್ಲ, ಮನೆಯಲ್ಲಿ ಅದಕ್ಕಾಗಿ ಕಾದವರಿಗಂತೂ ಮುಟ್ಟಲಿಲ್ಲ.