ಓಲೀಟಾ ಬೇಡವೆಂದ ಬಫರ್

ಡ್ರೈ ಫೋರ್ಕ್ ಊರಿನ ಸುತ್ತ ಅರವತ್ತು ಮೈಲಿಗೆ ರೈಫಲ್ಲಿನ ಬಿಡಿಭಾಗ ಸಿಗುವ ಅಂಗಡಿ ಒಂದೇ ಒಂದು. ಅದರ ಕೌಂಟರಿನ ಹಿಂದೆ ನಿಲ್ಲುವವಳು ಓಲೀಟಾ, ಥರ್ಮನ್ ಗ್ಯಾಡಿಸ್‌ನ ಮಾಜಿ ಹೆಂಡತಿ. ವಿಚ್ಛೇದನವಾಗಿ ಆರು ವರ್ಷವಾಗಿತ್ತು. ಅದಕ್ಕೆ ಮುಂಚಿನ ಹದಿನೇಳು ವರ್ಷ ಅವರಾಡಿದ ಜಗಳದ ಸದ್ದಿಗೆ ಒಕ್ಲಹೋಮಾದ ಆ ಮೂಲೆಯ ಹಸುಗಳೆಲ್ಲ ಹಾಲು ಕೊಡುವುದನ್ನೇ ಮರೆತಿದ್ದವು.

ಶನಿವಾರ ಕೌಂಟಿಯ ಗುರಿಕಾರರ ತಂಡಕ್ಕೆ ಆಯ್ಕೆ. ಮೂರು ಜಾಗ ತುಂಬಿ, ಉಳಿದದ್ದು ಒಂದು. ಅದರ ಮೇಲೆ ಕಣ್ಣಿಟ್ಟವರು ಇಬ್ಬರೇ: ಹನ್ನೊಂದು ವರ್ಷದಿಂದ ಆ ಜಾಗವನ್ನು ಅಪ್ಪನ ಆಸ್ತಿಯೆಂಬಂತೆ ಅನುಭವಿಸುತ್ತಿದ್ದ ಥರ್ಮನ್, ಮತ್ತು ಈ ವರ್ಷ ಮೊದಲ ಸಲ ಹೆಸರು ಕೊಟ್ಟಿದ್ದ ಓಲೀಟಾ. ಥರ್ಮನ್ ಎಂಥ ಗುರಿಕಾರನೆಂದರೆ, ಅವನು ರೈಫಲ್ ಎತ್ತಿದರೆ ಮುನ್ನೂರು ಗಜದಾಚೆಯ ಉಕ್ಕಿನ ಬಿಲ್ಲೆಗಳು ತಾವಾಗಿಯೇ ಬಿದ್ದುಬಿಡುತ್ತಿದ್ದವು, ಗುಂಡಿನ ಖರ್ಚೇಕೆ ಎಂದು.

ಈ ಸಲ ಅವನಿಗೆ ಹೊಸ ರೈಫಲ್ ಬೇಕಿತ್ತು, ತನ್ನ ಕೈಯಾರೆ ಜೋಡಿಸಿದ್ದು. ಬುಧವಾರ ಅಂಗಡಿಗೆ ನುಗ್ಗಿದ.

"ಬ್ಯಾರೆಲ್ ತೋರ್ಸು."

"ನಮಸ್ಕಾರ ಅನ್ನೋಕೆ ನಾಲಿಗೆ ಸವೀತದಾ? ದಪ್ಪದ್ದು ತಗೋ. ಸುತ್ತಿಗೆ ಹದಿನೈದು ಗುಂಡು ಒಂದೇ ಸಮ ಹಾರಿಸ್ತೀಯ. ತೆಳ್ಳಂದು ಕಾದ್ರೆ ಗುರಿ ಆಚೀಚೆ ಆಗುತ್ತೆ."

ಎದುರಾಳಿ ನನಗೇಕೆ ಒಳ್ಳೆಯ ಮಾತು ಹೇಳುತ್ತಾಳೆ? ಥರ್ಮನ್ ಒಳಗೊಳಗೇ ನಕ್ಕ. "ತೆಳ್ಳಂದೇ ಕೊಡು."

"ಟ್ರಿಗರು?"

"ನೀನೇ ಹೇಳಮ್ಮ, ಮಹಾತಾಯಿ."

"ಈ ಹಗುರದ್ದು. ಬೆರಳು ಸೋಕಿದ್ರೆ ಸಾಕು."

"ಹಾಗಿದ್ರೆ ಆ ಬಿಗೀದು ಕೊಡು."

ಓಲೀಟಾ ಅವನ ಮುಖವನ್ನೇ ನೋಡಿದಳು. ಕೊನೆಗೆ ಉಳಿದದ್ದು ಬಫರ್, ರೈಫಲ್ಲಿನ ಹಿಂಬದಿಯ ಕೊಳವೆಯಲ್ಲಿ ಸ್ಪ್ರಿಂಗಿನ ಜೊತೆ ಕೂರುವ ಹೆಬ್ಬೆರಳು ಗಾತ್ರದ ತೂಕ. ಪ್ರತಿ ಗುಂಡಿಗೂ ಅದು ಹಿಂದೆ ಸರಿದು ಮುಂದೆ ಬಂದರೆ ಖಾಲಿ ತೋಟೆ ಹೊರಬಿದ್ದು ಹೊಸದು ಒಳಸೇರುತ್ತದೆ. ಸರಿಯದಿದ್ದರೆ ಆ ಸಾವಿರಾರು ಡಾಲರಿನ ಯಂತ್ರಕ್ಕೂ ತಾತನ ಕಾಲದ ಕೋವಿಗೂ ವ್ಯತ್ಯಾಸವೇ ಇಲ್ಲ.

"ಕೇಳು ಥರ್ಮನ್. ಪಂದ್ಯಕ್ಕೆ ನೀನು ತುಂಬ್ಕೊಳೋ ತೋಟೇಲಿ ಮದ್ದು ಕಮ್ಮಿ. ಭಾರದ ಬಫರ್‌ನ ಅದು ಹಿಂದಕ್ಕೆ ತಳ್ಳಲ್ಲ. ಹಗುರದ್ದು ಹಾಕು. ಶನಿವಾರಕ್ಕೆ ಮುಂಚೆ ಒಂದು ಡಬ್ಬಿ ಹಾರಿಸಿ ನೋಡು."

"ಇರೋದ್ರಲ್ಲೇ ಅತಿ ಭಾರದ್ದು ಯಾವ್ದು?"

"ಲೋ, ನಿಜ ಹೇಳ್ತಿದೀನಿ ಕಣೋ."

"ನೀನು ನಿಜ ಹೇಳೋ ದಿನ ಕೊಯೋಟೆ ನರಿಗಳು ಚರ್ಚಿಗೆ ಹೋಗ್ತವೆ. ಭಾರದ್ದು ಕೊಡು."

ಅವಳು ಕೊಟ್ಟಳು. ಹಾರಿಸಿ ನೋಡು ಅಂದದ್ದೂ ಅವಳೇ ಆದ್ದರಿಂದ ಥರ್ಮನ್ ಒಂದು ಗುಂಡನ್ನೂ ಹಾರಿಸಲಿಲ್ಲ. ಬದಲಿಗೆ ಆ ರೈಫಲ್ಲನ್ನು ಎಷ್ಟು ಒರೆಸಿದನೆಂದರೆ, ಅದರ ಹೊಳಪಿಗೆ ಪಕ್ಕದ ಕೌಂಟಿಯವರು ಕಣ್ಣಿಗೆ ಕೈ ಅಡ್ಡ ಹಿಡಿದರು.

ಶನಿವಾರ ನಲವತ್ತು ಜನ ಸೇರಿದ್ದರು. ಎರಡು ಸುತ್ತು, ಸುತ್ತಿಗೆ ಹದಿನೈದು ಬಿಲ್ಲೆ, ಕಡಿಮೆ ಸಮಯ ತೆಗೆದುಕೊಂಡವರಿಗೆ ಜಾಗ. ಓಲೀಟಾ ಮೊದಲು ಹಾರಿಸಿ ಬಿಲ್ಲೆಗಳನ್ನೆಲ್ಲ ಉರುಳಿಸಿದಳು. ಆಮೇಲೆ ಥರ್ಮನ್. ಗಡಿಯಾರ ಹಿಡಿದ ಮುದುಕ ವರ್ಡೆಲ್ ಕೂಗಿದ್ದೇ ತಡ, ಮೊದಲ ಬಿಲ್ಲೆ ಟಣ್ಣೆಂದಿತು. ಎರಡನೆಯದಕ್ಕೆ ಟ್ರಿಗರ್ ಒತ್ತಿದ. ರೈಫಲ್ ಮೌನವ್ರತ ಹಿಡಿದಿತ್ತು. ಖಾಲಿ ತೋಟೆ ಅರ್ಧ ಹೊರಗೆ, ಅರ್ಧ ಒಳಗೆ, ಬಾಗಿಲಲ್ಲಿ ನಿಂತ ನೆಂಟನ ಹಾಗೆ. ತೋಟೆ ಬದಲಿಸುವ ಹಿಡಿಯನ್ನು ಕೈಯಿಂದ ಜಗ್ಗಿ ಹಾರಿಸಿದ. ಮತ್ತೆ ಅದೇ. ಉಳಿದ ಹದಿನಾಲ್ಕಕ್ಕೂ ಹದಿನಾಲ್ಕು ಸಲ ಜಗ್ಗಿದ, ಆದರೂ ಒಂದು ಬಿಲ್ಲೆಯನ್ನೂ ತಪ್ಪಿಸಲಿಲ್ಲ.

"ಒಂಬತ್ತು ಸೆಕೆಂಡು ಹಿಂದಿದ್ದೀಯ," ಎಂದ ವರ್ಡೆಲ್. "ಎರಡನೇ ಸುತ್ತಿಗೆ ಹತ್ತು ನಿಮಿಷ ಇದೆ. ರಿಪೇರಿ ಮಾಡ್ಕೊಳೋದಾದ್ರೆ ಮಾಡ್ಕೊ."

ಒಂಬತ್ತು ಸೆಕೆಂಡು ಥರ್ಮನ್‌ಗೆ ಏನೂ ಅಲ್ಲ, ರೈಫಲ್ ನೆಟ್ಟಗೆ ನಡೆದರೆ. ಅಷ್ಟರಲ್ಲಿ ಓಲೀಟಾ ಎದುರು ಬಂದು ಅಂಗೈ ಬಿಚ್ಚಿದಳು. ಅದರಲ್ಲಿ ಹಗುರ ಬಫರ್.

"ಹಾಕೋಕೆ ಒಂದು ನಿಮಿಷ. ಪುಕ್ಕಟೆ ತಗೋ. ಆದ್ರೆ ಇವ್ರೆಲ್ಲರ ಮುಂದೆ ಒಂದು ಮಾತು ಹೇಳ್ಬೇಕು, 'ಓಲೀಟಾ ಹೇಳಿದ್ದೇ ಸರಿ' ಅಂತ."

"ನನ್ನ ರೈಫಲ್ ನಡೆದ್ರೆ ನೀನು ಸೋಲ್ತೀಯ, ಗೊತ್ತಾ?"

"ಸೋತ್ರೆ ಸೋಲ್ತೀನಿ. ಹದಿನೇಳು ವರ್ಷದಲ್ಲಿ ಒಂದ್ ಸಲಾನೂ ಆ ಮಾತು ನಿನ್ನ ಬಾಯಿಂದ ಬಂದಿಲ್ಲ. ನಂಗೆ ಈ ಜಾಗಕ್ಕಿಂತ ಅದು ಬೇಕು."

ನಲವತ್ತು ಜನರೂ ಹತ್ತಿರ ಸರಿದರು. ಥರ್ಮನ್ ಬಾಯಿ ತೆರೆದ. ಆ ಮಾತು ಹೊಟ್ಟೆಯಿಂದ ಹೊರಟು ಎದೆ ಹತ್ತಿ, ಗಂಟಲ ತನಕ ಬಂದು, ಅಲ್ಲಿ ಕೆಸರಿಗಿಳಿದ ಲಾರಿಯ ಚಕ್ರದಂತೆ ಸಿಕ್ಕಿಕೊಂಡಿತು. ಮುಖ ಕೆಂಪಾಗಿ, ನೀಲಿಯಾಗಿ, ಬೂದುಬಣ್ಣಕ್ಕೆ ತಿರುಗಿತು.

"ನಿನ್ನ ಬಫರ್ ನಿನ್ನ ಹತ್ರಾನೇ ಇರ್ಲಿ," ಎಂದ.

ಎರಡನೇ ಸುತ್ತಲ್ಲಿ ಅವನು ಹಿಡಿ ಜಗ್ಗಿದ ರಭಸ ಆ ಕೌಂಟಿ ಕಂಡದ್ದಲ್ಲ. ಬೆರಳಿನ ಗೆಣ್ಣು ಸುಲಿದು ರಕ್ತ ಹರಿಯಿತು, ಭುಜದ ಕೀಲು ಕಿರುಗುಟ್ಟಿದ್ದು ಪಾರ್ಕಿಂಗಿನವರೆಗೆ ಕೇಳಿಸಿತು. ಬಿಲ್ಲೆಗಳು ಒಂದಾದ ಮೇಲೊಂದು ಬಿದ್ದವು, ಹದಿನೈದೂ. ಆದರೆ ಗಡಿಯಾರಕ್ಕೆ ಕರುಣೆಯಿಲ್ಲ. ಈ ಸುತ್ತಲ್ಲೂ ಓಲೀಟಾಗಿಂತ ಎಂಟು ಸೆಕೆಂಡು ಹಿಂದೆ ಬಿದ್ದ.

ವರ್ಡೆಲ್ ಪಟ್ಟಿಯಲ್ಲಿ ಓಲೀಟಾಳ ಹೆಸರು ಬರೆದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೆದ್ದವಳ ಮುಖವೇ ಸೋತವಳಂತಿತ್ತು.

"ಈಗಾದ್ರೂ ಹೇಳೋ," ಎಂದಳು. "ಜಾಗಾನೂ ಹೋಯ್ತು. ಇನ್ನೇನು ಉಳೀತು ನಿಂಗೆ?"

ಮೈದಾನದ ಬಾವುಟ ಒದ್ದೆ ಟವೆಲ್ಲಿನಂತೆ ಕಂಬಕ್ಕೆ ಅಂಟಿಕೊಂಡಿತ್ತು. ಒಂದು ಗರಿಕೆಯೂ ಅಲುಗುತ್ತಿರಲಿಲ್ಲ. ಥರ್ಮನ್ ರಕ್ತದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನಲವತ್ತು ಜನಕ್ಕೂ ಕೇಳುವಂತೆ ಹೇಳಿದ:

"ಇವತ್ತು ಗಾಳಿ ಜಾಸ್ತಿ ಇತ್ತು."